ಬಸ್ಸು, ನೆಟ್‌ವರ್ಕ್, ನಾಡಕಚೇರಿ: ಮಂತ್ರಿಗಳಿಗೆ ಪ್ರಶ್ನೆ ಕೇಳಿಸುವುದು ಹೇಗೆ?

ವಿಧಾನಸಭೆಯ ಉತ್ತರದ ಹಾಳೆ ನೋಡಿದ್ದೀರಾ? ಎರಡು ಕಾಲಂ ಇರುತ್ತದೆ. ಎಡಗಡೆ ಪ್ರಶ್ನೆ, ಅ, ಆ, ಇ ಅಂತ ತುಂಡು ತುಂಡಾಗಿ. ಬಲಗಡೆ ಉತ್ತರ. ಮೇಲೆ ಶಾಸಕರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ನಾನು ಮೊದಲ ಸಲ ಬರೆದುಕೊಟ್ಟ ಪ್ರಶ್ನೆ ಹೀಗಿತ್ತು:

ಅ) ನಮ್ಮ ಗ್ರಾಮಕ್ಕೆ ಸಮರ್ಪಕ ಬಸ್ ಸೌಲಭ್ಯ ಇಲ್ಲದೆ ವಿದ್ಯಾರ್ಥಿಗಳಿಗೆ ತೊಂದರೆ ಆಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಬಲಗಡೆ ಕಾಲಂನಲ್ಲಿ ಬಂದದ್ದು ಮೂರೇ ಪದ. ಅ: ‘ಬಂದಿರುವುದಿಲ್ಲ.’ ಆ: ‘ಉದ್ಭವಿಸುವುದಿಲ್ಲ.’ ಮೂರನೆಯದು ಸಹಿಯ ಕೆಳಗಿದ್ದ ‘ಸಚಿವರು’.

ಬೆಳಗಿನ 7.20ರ ಬಸ್ಸು ನಿಂತು ಆಗ ಎಂಟು ತಿಂಗಳಾಗಿತ್ತು. ಕಾಲೇಜಿಗೆ ಹೋಗುವ ಹುಡುಗರು ಹಾಲಿನ ವ್ಯಾನು ಹತ್ತುತ್ತಿದ್ದರು. ಮಂತ್ರಿಗಳು ಸುಳ್ಳು ಹೇಳಿದರು ಅಂತ ನಾವೆಲ್ಲ ಕೂಗಾಡಿದೆವು. ಆಮೇಲೆ ಹಾಳೆಯನ್ನು ಮತ್ತೆ ಓದಿದಾಗ ನನಗೇ ನಾಚಿಕೆ ಆಯಿತು. ಎರಡೇ ಪದದಲ್ಲಿ ಮುಗಿಸಬಹುದಾದ ಪ್ರಶ್ನೆಯನ್ನು ಬರೆದುಕೊಟ್ಟವನು ನಾನೇ ಅಲ್ವಾ?

ಸದನದಲ್ಲಿ ನಾವು ನೀವು ಪ್ರಶ್ನೆ ಕೇಳೋಕೆ ಆಗುವುದಿಲ್ಲ. ಕೇಳುವವರು ಶಾಸಕರು, ಸಂಸದರು. ಆದರೆ ಬರೆದುಕೊಡುವ ಕೆಲಸ ಯಾರು ಬೇಕಾದರೂ ಮಾಡಬಹುದು. ಚೆನ್ನಾಗಿ ಬರೆದ ಪ್ರಶ್ನೆ ಸಿಕ್ಕರೆ ಶಾಸಕರ ಕಚೇರಿಯವರಿಗೂ ಖುಷಿಯೇ. ಅದನ್ನು ಹೇಗೆ ಬರೆಯುವುದು, ಯಾರ ಕೈಗೆ ಕೊಡುವುದು, ಉತ್ತರ ಬಂದ ಮೇಲೆ ಏನು ಮಾಡುವುದು ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ಹಂತ 1: ಯಾರ ಬಾಗಿಲು ತಟ್ಟಬೇಕು?

ತಪ್ಪು ಮಂತ್ರಿಗೆ ಹೋದ ಪ್ರಶ್ನೆಗೆ ‘ಈ ವಿಷಯ ನಮ್ಮ ಇಲಾಖೆ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದು ಸಾಲು ಸಾಕು. ಒಂದು ಇಡೀ ಅಧಿವೇಶನ ಕೈಬಿಟ್ಟು ಹೋಗುತ್ತದೆ.

ಬಸ್ಸು ಸುಲಭ. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ಸಾರಿಗೆ, ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ, ನಾಲ್ಕೂ ರಾಜ್ಯದ ಸಾರಿಗೆ ಸಚಿವರ ಕೆಳಗೆ ಬರುತ್ತವೆ. ಆರ್‌ಟಿಒ, ಖಾಸಗಿ ಬಸ್ಸಿನ ಪರ್ಮಿಟ್ಟೂ ಅಲ್ಲೇ. ರೈಲು ಮಾತ್ರ ಕೇಂದ್ರದ್ದು.

ರಸ್ತೆಯಲ್ಲೇ ಜನ ಜಾಸ್ತಿ ಎಡವೋದು. ರಾಷ್ಟ್ರೀಯ ಹೆದ್ದಾರಿಯಾದರೆ ಕೇಂದ್ರ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆ. ಹಳ್ಳಿಯ ಒಳರಸ್ತೆಯಾದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. ಪಟ್ಟಣದೊಳಗಿನದು ಪುರಸಭೆ ಅಥವಾ ಪಾಲಿಕೆಯದು. ಒಂದೇ ರಸ್ತೆ ನಾಲ್ಕು ಕಿಲೋಮೀಟರಿನಲ್ಲಿ ಮೂರು ಇಲಾಖೆಗೆ ಸೇರಿದ್ದೂ ಉಂಟು. ಪಂಚಾಯಿತಿಯಲ್ಲೋ ಲೋಕೋಪಯೋಗಿ ಉಪವಿಭಾಗದಲ್ಲೋ ರಸ್ತೆಯ ನಂಬರು ಕೇಳಿ ಬರೆದುಕೊಳ್ಳಿ.

ಸರ್ಟಿಫಿಕೇಟ್, ಪಹಣಿ, ಪಿಂಚಣಿ ಅಂದರೆ ನಾಡಕಚೇರಿ, ಅಂದರೆ ಕಂದಾಯ ಸಚಿವರು. ಹಳ್ಳಿಯ ಇ-ಸ್ವತ್ತು ಗ್ರಾಮೀಣಾಭಿವೃದ್ಧಿಯವರದು. ರೇಷನ್ ಕಾರ್ಡು ಆಹಾರ ಇಲಾಖೆಯದು. ‘ಸರ್ವರ್ ಡೌನ್’ ಅನ್ನುವುದು ಯಾರಿಗೂ ಸೇರದ ಅನಾಥ ಮಗು. ಆದ್ದರಿಂದ ಸರ್ವರ್ ಬಗ್ಗೆ ಕೇಳಬೇಡಿ, ಅದರಿಂದ ಬಾಕಿ ಉಳಿದ ಅರ್ಜಿಗಳ ಬಗ್ಗೆ ಕೇಳಿ. ಅರ್ಜಿಗೆ ಒಡೆಯರು ಇರುತ್ತಾರೆ.

ಮೊಬೈಲ್ ನೆಟ್‌ವರ್ಕ್ ಕೇಂದ್ರದ ವಿಷಯ. ಆದರೆ ಪೂರ್ತಿ ಕೇಂದ್ರದ್ದಲ್ಲ. ಅದರ ಕತೆ ದೊಡ್ಡದು, ಕೆಳಗೆ ಬೇರೆಯಾಗಿ ಹೇಳುತ್ತೇನೆ.

ಹಂತ 2: ಉತ್ತರ ಬರೆಯುವವರು ಯಾರು ಅಂತ ತಿಳಿಯಿರಿ

ಮಂತ್ರಿಗಳು ಓದುವ ಉತ್ತರ ಮಂತ್ರಿಗಳು ಬರೆದದ್ದಲ್ಲ. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ ಹೋಗುತ್ತದೆ. ಬಸ್ಸಿನ ಪ್ರಶ್ನೆಯಾದರೆ ಅಲ್ಲಿಂದ ಸಾರಿಗೆ ನಿಗಮದ ಕೇಂದ್ರ ಕಚೇರಿ, ವಿಭಾಗೀಯ ಕಚೇರಿ, ಕೊನೆಗೆ ನಿಮ್ಮ ತಾಲೂಕಿನ ಡಿಪೋ. ಡಿಪೋದಲ್ಲಿ ಯಾರೋ ಒಬ್ಬರು ‘ತುರ್ತು, ವಿಧಾನಸಭೆ ಪ್ರಶ್ನೆ’ ಅಂತ ಕೆಂಪಿನಲ್ಲಿ ಬರೆದ ಕಡತ ಮುಂದಿಟ್ಟುಕೊಂಡು ಎರಡು ಸಾಲು ಗೀಚುತ್ತಾರೆ. ಅದೇ ಎರಡು ಸಾಲು ಮೇಲಕ್ಕೆ ಏರಿ ಏರಿ ಮಂತ್ರಿಗಳ ಬಾಯಿಗೆ ಬರುತ್ತದೆ.

ಇದರಿಂದ ಎರಡು ಪಾಠ. ಡಿಪೋದಲ್ಲಿ ದೂರೇ ದಾಖಲಾಗಿಲ್ಲದಿದ್ದರೆ ‘ಗಮನಕ್ಕೆ ಬಂದಿರುವುದಿಲ್ಲ’ ಅಂತ ಬರೆದದ್ದು ಸುಳ್ಳಲ್ಲ. ಎರಡನೆಯದು, ಡಿಪೋದ ರಿಜಿಸ್ಟರಿನಲ್ಲಿ ಏನಿದೆಯೋ ಅದನ್ನೇ ಕೇಳಿದರೆ ಅವರಿಗೆ ಕೊಡದೆ ವಿಧಿಯಿಲ್ಲ.

ಹಾಗಾಗಿ ಮೊದಲು ಕೆಳಗಿನ ಕೆಲಸ ಮುಗಿಸಿ. ಬಸ್ಸಿನ ವಿಷಯವಾದರೆ ಘಟಕ ವ್ಯವಸ್ಥಾಪಕರಿಗೆ (ಘಟಕ ಅಂದರೆ ಡಿಪೋ), ವಿಭಾಗೀಯ ನಿಯಂತ್ರಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ನಾವು ಬಾಯಿಮಾತಿನಲ್ಲಿ ಹತ್ತು ಸಲ ಹೇಳಿದ್ದೆವು, ಕಾಗದದಲ್ಲಿ ಒಂದು ಸಲವೂ ಕೊಟ್ಟಿರಲಿಲ್ಲ. ರಾಜ್ಯದ ಇಲಾಖೆಗಳ ದೂರಿಗೆ 1902 ಸಹಾಯವಾಣಿ ಇದೆ, ಅಲ್ಲಿ ದೂರು ಸಂಖ್ಯೆ ಸಿಗುತ್ತದೆ. ಸರ್ಟಿಫಿಕೇಟಿನ ವಿಷಯವಾದರೆ ಸಕಾಲದ 15 ಅಂಕಿಯ ನಂಬರು ಇರುವ ಸ್ವೀಕೃತಿ ಚೀಟಿಯನ್ನು ಬಿಸಾಡಬೇಡಿ. ಸಕಾಲ ಕಾಯ್ದೆಯ ಪ್ರಕಾರ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಐನೂರು ರೂಪಾಯಿ ದೊಡ್ಡದಲ್ಲ. ಆದರೆ ‘ನಮ್ಮ ತಾಲೂಕಿನಲ್ಲಿ ಎಷ್ಟು ಜನರಿಗೆ ಈ ಪರಿಹಾರ ಕೊಟ್ಟಿದ್ದೀರಿ’ ಅನ್ನುವ ಪ್ರಶ್ನೆ ದೊಡ್ಡದು.

ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. 10 ರೂಪಾಯಿ ಶುಲ್ಕ, 30 ದಿನ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಜಾಸ್ತಿ ಬರೆದರೆ ವಾಪಸ್ ಬರುತ್ತದೆ. ‘ಯಾಕೆ’ ಅಂತ ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. ಲಾಗ್‌ಶೀಟ್, ಟ್ರಿಪ್ ರದ್ದತಿ ರಿಜಿಸ್ಟರ್, ಮಂಜೂರಾದ ಅನುಸೂಚಿಗಳ ಪಟ್ಟಿ. ಅನುಸೂಚಿ ಅಂದರೆ ಶೆಡ್ಯೂಲು. ಡಿಪೋದ ಕಾಗದದಲ್ಲೆಲ್ಲ ಈ ಪದವೇ ಇರುವುದರಿಂದ ಬಳಸಿ ರೂಢಿ ಮಾಡಿಕೊಳ್ಳಿ.

ಹಂತ 3: ಹಳೆಯ ಉತ್ತರ ಓದಿ

ವಿಧಾನಸಭೆ, ವಿಧಾನ ಪರಿಷತ್ತಿನ ಜಾಲತಾಣದಲ್ಲಿ ಹಿಂದಿನ ಅಧಿವೇಶನಗಳ ಪ್ರಶ್ನೋತ್ತರ ಸಿಗುತ್ತವೆ. ಲೋಕಸಭೆ, ರಾಜ್ಯಸಭೆಯದ್ದು ಸಂಸದ್ ಡಾಟ್ ಇನ್‌ನಲ್ಲಿವೆ. ನಿಮ್ಮ ತಾಲೂಕಿನ ಹೆಸರು, ಇಲಾಖೆ ಹಾಕಿ ಹುಡುಕಿ. ಎರಡು ವರ್ಷದ ಹಿಂದೆ ಬೇರೊಬ್ಬರು ಕೇಳಿ, ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’ ಅಂತ ಉತ್ತರ ಬಂದಿರಬಹುದು. ಅದು ಸಿಕ್ಕರೆ ಬಂಗಾರ. ‘ಇಂಥ ದಿನಾಂಕದ ಪ್ರಶ್ನೆ ಸಂಖ್ಯೆ ಇಷ್ಟಕ್ಕೆ ಪರಿಶೀಲನೆಯಲ್ಲಿದೆ ಎಂದು ಉತ್ತರಿಸಲಾಗಿತ್ತು, ಆ ಪ್ರಸ್ತಾವನೆ ಈಗ ಯಾವ ಹಂತದಲ್ಲಿದೆ’ ಅಂತ ಕೇಳಿದರೆ ‘ಗಮನಕ್ಕೆ ಬಂದಿಲ್ಲ’ ಅನ್ನುವ ಬಾಗಿಲು ಮುಚ್ಚಿಹೋಗುತ್ತದೆ.

ಹಂತ 4: ಪ್ರಶ್ನೆ ಬರೆಯುವುದು

‘ಬಂದಿದೆಯೇ, ಬಂದಿದ್ದಲ್ಲಿ’ ಅನ್ನುವ ಅಚ್ಚನ್ನು ಬಿಡಿ. ಅದು ಸದನದ ಹಳೇ ಅಭ್ಯಾಸ, ಅದರಲ್ಲಿ ತಪ್ಪಿಸಿಕೊಳ್ಳಲು ಕಿಂಡಿ ಇದೆ. ‘ಬಂದಿಲ್ಲ’ ಅಂದರೆ ಉಳಿದ ಪ್ರಶ್ನೆಗಳೆಲ್ಲ ಒಟ್ಟಿಗೆ ಸತ್ತವು. ಪ್ರತಿ ತುಂಡೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಎರಡನೇ ಸಲ ನಾವು ಬರೆದದ್ದು ಸುಮಾರು ಹೀಗಿತ್ತು:

ಅ) ಇಂಥ ಘಟಕದಿಂದ ಇಂಥ ಮಾರ್ಗಕ್ಕೆ ಮಂಜೂರಾಗಿರುವ ಅನುಸೂಚಿಗಳೆಷ್ಟು? ಪ್ರಸ್ತುತ ಕಾರ್ಯಾಚರಣೆಯಲ್ಲಿರುವುವೆಷ್ಟು? (ಹೊರಡುವ ವೇಳೆ ಸಹಿತ)
ಆ) ಕಳೆದ 12 ತಿಂಗಳಲ್ಲಿ ಈ ಮಾರ್ಗದಲ್ಲಿ ರದ್ದಾದ ಟ್ರಿಪ್‌ಗಳೆಷ್ಟು? (ತಿಂಗಳುವಾರು, ಕಾರಣವಾರು ವಿವರ ನೀಡುವುದು)
ಇ) ಸದರಿ ಘಟಕದಲ್ಲಿ ಮಂಜೂರಾದ ಚಾಲಕ, ನಿರ್ವಾಹಕ ಹುದ್ದೆಗಳೆಷ್ಟು? ಭರ್ತಿಯಾಗಿರುವುವೆಷ್ಟು?
ಈ) ಇಂಥ ದಿನಾಂಕದಂದು ಗ್ರಾಮಸ್ಥರು ವಿಭಾಗೀಯ ನಿಯಂತ್ರಣಾಧಿಕಾರಿಗೆ ಸಲ್ಲಿಸಿದ ಮನವಿಯ ಮೇಲೆ ಕೈಗೊಂಡ ಕ್ರಮವೇನು?
ಉ) ಬೆಳಗಿನ 7.20ರ ಟ್ರಿಪ್ಪನ್ನು ಯಾವ ದಿನಾಂಕದಿಂದ ಪುನರಾರಂಭಿಸಲಾಗುವುದು?

ಬೈಗುಳ ಇಲ್ಲ, ಗೋಳಾಟ ಇಲ್ಲ. ‘ಯಾವಾಗ’ ಅಂತ ಕೇಳಿದರೆ ‘ಶೀಘ್ರದಲ್ಲಿ’ ಅನ್ನುತ್ತಾರೆ, ‘ಯಾವ ದಿನಾಂಕದಿಂದ’ ಅಂದರೆ ಸ್ವಲ್ಪ ತಡವರಿಸುತ್ತಾರೆ. ‘ಕಾರಣವಾರು’ ಅನ್ನುವ ಒಂದು ಪದ ನಮಗೆ ತುಂಬ ಕೆಲಸ ಮಾಡಿಕೊಟ್ಟಿತು. ಪ್ರಯಾಣಿಕರು ಕಡಿಮೆ, ಆದಾಯ ಇಲ್ಲ ಅಂತ ಬಾಯಲ್ಲಿ ಹೇಳುತ್ತಿದ್ದವರು ಕಾಗದದಲ್ಲಿ ‘ಚಾಲಕರ ಕೊರತೆ’ ಅಂತ ಬರೆಯಬೇಕಾಯಿತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸು ಹತ್ತುವವರು ಹೆಚ್ಚಾಗಿದ್ದಾರೆ. ಪ್ರಯಾಣಿಕರಿಲ್ಲ ಅನ್ನುವ ಮಾತಿಗೆ ಈಗ ಟಿಕೆಟ್ ಲೆಕ್ಕವನ್ನೇ ಕೇಳಬಹುದು. ಹೆಂಗಸರ ಶೂನ್ಯ ಟಿಕೆಟ್ಟೂ ಲೆಕ್ಕಕ್ಕೆ ಸಿಗುತ್ತದೆ.

ಕೆಲವು ಪ್ರಶ್ನೆಗಳು ಸ್ವೀಕಾರವೇ ಆಗುವುದಿಲ್ಲ. ಅಭಿಪ್ರಾಯ ಕೇಳುವುದು, ‘ಹೀಗಾದರೆ ಏನು ಮಾಡುತ್ತೀರಿ’ ಅಂತ ಊಹೆಯ ಮೇಲೆ ಕೇಳುವುದು, ಕೋರ್ಟಿನಲ್ಲಿರುವ ವಿಷಯ, ಒಬ್ಬ ವ್ಯಕ್ತಿಯ ನಡತೆ, ಇವೆಲ್ಲ ಹೊರಗೆ. ಲೋಕಸಭೆಯಲ್ಲಿ ಪ್ರಶ್ನೆ 150 ಪದ ದಾಟುವಂತಿಲ್ಲ. ಗುಮಾಸ್ತರ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಇದು ಜಾಗವಲ್ಲ.

ಅತಿಯಾಸೆಯೂ ಬೇಡ. ‘ರಾಜ್ಯದ ಎಲ್ಲ ಗ್ರಾಮಗಳ ಬಸ್ ವಿವರ’ ಕೇಳಿದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂತ ಬರುತ್ತದೆ, ಅಷ್ಟೇ. ಒಂದು ಡಿಪೋ, ಒಂದು ತಾಲೂಕು, ಒಂದು ವರ್ಷ ಸಾಕು.

ಹಂತ 5: ಯಾರ ಕೈಗೆ, ಯಾವಾಗ?

ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಶಾಸಕರ ಕಚೇರಿಗೆ ಹೋಗಿ. ಸದನ ಶುರುವಾದ ಮೇಲೆ ಹೋದರೆ ‘ಮುಂದಿನ ಸಲ ನೋಡೋಣ’ ಅನ್ನುತ್ತಾರೆ. ಸಂಸತ್ತಿನಲ್ಲಿ ಪ್ರಶ್ನೆಗೆ 15 ಪೂರ್ಣ ದಿನಗಳ ಮುಂಚೆ ಸೂಚನೆ ಕೊಡಬೇಕು. ಇಲಾಖೆಗಳಿಗೆ ವಾರದ ದಿನಗಳು ಹಂಚಿಕೆಯಾಗಿರುತ್ತವೆ, ದಿನ ತಪ್ಪಿದರೆ ಆ ಪ್ರಶ್ನೆಗೆ ಜಾಗವಿಲ್ಲ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ರೂಢಿ ಇದೆ. ಉತ್ತರ ಕರ್ನಾಟಕದವರು ಅದಕ್ಕೆ ಮೊದಲೇ ತಯಾರಿರಬೇಕು.

ಶಾಸಕರಿಗಿಂತ ಅವರ ಆಪ್ತ ಸಹಾಯಕರನ್ನು ಹಿಡಿಯಿರಿ. ಮದುವೆ ಮನೆಯಲ್ಲಿ ಶಾಸಕರ ಜೇಬಿಗೆ ತುರುಕಿದ ಚೀಟಿ ಡ್ರೈಕ್ಲೀನಿಂಗಿಗೆ ಹೋಗುತ್ತದೆ. ಆಪ್ತ ಸಹಾಯಕರಿಗೆ ಟೈಪ್ ಮಾಡಿದ ಒಂದು ಪುಟ ಕೊಡಿ, ನುಡಿ ಅಥವಾ ಯೂನಿಕೋಡ್ ಫೈಲನ್ನು ವಾಟ್ಸ್ಆ್ಯಪಿನಲ್ಲೂ ಕಳಿಸಿ. ಜೊತೆಗೆ ಮನವಿಯ ಪ್ರತಿ, ಮಾಹಿತಿ ಹಕ್ಕಿನ ಉತ್ತರ. ‘ಸಾರ್, ಇದನ್ನ ಹಾಗೇ ಹಾಕಬಹುದು’ ಅಂದರೆ ಅವರ ಅರ್ಧ ಕೆಲಸ ಮುಗಿದ ಹಾಗೆ.

ನಿಮ್ಮ ಶಾಸಕರೇ ಮಂತ್ರಿಯಾಗಿದ್ದರೆ? ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಆಗ ವಿಧಾನ ಪರಿಷತ್ ಸದಸ್ಯರ ಹತ್ತಿರ ಹೋಗಿ. ಪದವೀಧರರ ಕ್ಷೇತ್ರ, ಶಿಕ್ಷಕರ ಕ್ಷೇತ್ರ, ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬಂದವರು ನಿಮ್ಮ ಜಿಲ್ಲೆಗೆ ಒಬ್ಬರಾದರೂ ಇರುತ್ತಾರೆ. ಜನ ಇವರನ್ನು ಮರೆತೇ ಬಿಡುತ್ತಾರೆ. ಅದೇ ಕಾರಣಕ್ಕೆ ಅವರಿಗೆ ಸಮಯ ಇರುತ್ತದೆ. ಆಡಳಿತ ಪಕ್ಷದ ಶಾಸಕರು ಹಿಂಜರಿದರೂ ಬೇಜಾರಾಗಬೇಡಿ. ಅಂಕಿಸಂಖ್ಯೆ ಕೇಳುವ ಪ್ರಶ್ನೆಯಿಂದ ಯಾರಿಗೂ ಮುಜುಗರ ಇಲ್ಲ, ಹಾಗಂತ ತಿಳಿಸಿ ಹೇಳಿ.

ಇನ್ನೊಂದು ಮಾತು. ಪ್ರಶ್ನೆ ಹಾಕಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಪ್ರಶ್ನೆಗೆ ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ 11 ಸಂಸದರು ಸದಸ್ಯತ್ವವನ್ನೇ ಕಳೆದುಕೊಂಡರು.

ಹಂತ 6: ಚುಕ್ಕೆ ಬೇಕೋ, ಬೇಡವೋ?

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರಿಸುತ್ತಾರೆ, ಶಾಸಕರು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಎಲ್ಲರಿಗೂ ಚುಕ್ಕೆಯೇ ಬೇಕು, ಟಿವಿಯಲ್ಲಿ ಬರುತ್ತದಲ್ಲ! ಆದರೆ ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯದು 20 ಮಾತ್ರ, ಚುಕ್ಕೆಯಿಲ್ಲದ್ದು 230. ಇಪ್ಪತ್ತರಲ್ಲೂ ಎಷ್ಟೋ ಪ್ರಶ್ನೆಗಳ ಸರದಿ ಬರುವುದರೊಳಗೆ ಪ್ರಶ್ನೋತ್ತರದ ಗಂಟೆ ಮುಗಿಯುತ್ತದೆ. ಗಲಾಟೆಯಾದ ದಿನವಂತೂ ಕೇಳಲೇಬೇಡಿ.

ನನ್ನ ಮಾತು ಕೇಳುವುದಾದರೆ ಒಂದು ಊರಿನ ಬಸ್ಸಿಗೆ ಚುಕ್ಕೆಯಿಲ್ಲದ ಪ್ರಶ್ನೆಯೇ ಸರಿ. ಕೋಷ್ಟಕ ಸಮೇತ ಅಚ್ಚಾಗಿ ಬರುತ್ತದೆ, ಸದನ ಗದ್ದಲದಲ್ಲಿ ಮುಳುಗಿದರೂ ಉತ್ತರದ ಹಾಳೆ ಮಂಡನೆಯಾಗುತ್ತದೆ. ಚುಕ್ಕೆಯನ್ನು ಇಡೀ ಜಿಲ್ಲೆಯ ವಿಷಯಕ್ಕೆ ಉಳಿಸಿಕೊಳ್ಳಿ. ಆಗ ಶಾಸಕರಿಗೆ ಎರಡು ಉಪಪ್ರಶ್ನೆಯನ್ನೂ ಬರೆದುಕೊಡಿ: ಒಂದು ‘ಹೌದು’ ಅಂದರೆ ಕೇಳಲು, ಇನ್ನೊಂದು ‘ಇಲ್ಲ’ ಅಂದರೆ ಕೇಳಲು. ಸೇತುವೆ ಕುಸಿಯಿತು, ಬಸ್ಸು ಪೂರ್ತಿ ನಿಂತಿತು ಅನ್ನುವಂಥ ತುರ್ತಿಗೆ ಶೂನ್ಯ ವೇಳೆ ಅಥವಾ ಗಮನ ಸೆಳೆಯುವ ಸೂಚನೆ ಇದೆ. ಅದಕ್ಕೆ ಆ ದಿನದ ಪತ್ರಿಕೆಯ ವರದಿ ಜೊತೆಗಿದ್ದರೆ ಒಳ್ಳೆಯದು.

ನೆಟ್‌ವರ್ಕ್: ಒಂದು ಪ್ರಶ್ನೆಯಲ್ಲ, ನಾಲ್ಕು

ಮಲೆನಾಡು, ಕರಾವಳಿಯ ಒಳಭಾಗದವರಿಗೆ ಹೇಳಬೇಕಿಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ್ದಾರೆ. ಈಗಲೂ ಎಷ್ಟೋ ಊರಲ್ಲಿ ಟವರ್ ನಿಂತಿದೆ, ಸಿಗ್ನಲ್ ಇಲ್ಲ. ಕೆಲವು ಕಡೆ ಕರೆಂಟ್ ಹೋದ ಹತ್ತು ನಿಮಿಷಕ್ಕೆ ಎರಡು ಕಡ್ಡಿಯೂ ಹೋಗುತ್ತದೆ.

‘ನಮ್ಮೂರಿಗೆ ನೆಟ್‌ವರ್ಕ್ ಕೊಡಿ’ ಅಂತ ಶಾಸಕರಿಂದ ಕೇಳಿಸಿದರೆ ‘ದೂರಸಂಪರ್ಕ ಕೇಂದ್ರದ ವಿಷಯ’ ಅಂತ ಬರುತ್ತದೆ. ಸಂಸದರಿಂದ ಕೇಳಿಸಿದರೆ ‘ಅರಣ್ಯ ಅನುಮತಿ ಬಾಕಿ ಇದೆ’ ಅಂತ ಬರುತ್ತದೆ. ಚೆಂಡು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಅದಕ್ಕೇ ಒಂದೇ ಸಲ ಎರಡೂ ಕಡೆ ಕೇಳಬೇಕು.

ಮೊದಲು ಟವರ್ ಯಾಕೆ ಆನ್ ಆಗಿಲ್ಲ ಅಂತ ಪತ್ತೆ ಮಾಡಿ. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಜಾಗ ಸಿಕ್ಕಿಲ್ಲ, ಅರಣ್ಯದ ಅನುಮತಿ ಇಲ್ಲ, ಕರೆಂಟ್ ಕನೆಕ್ಷನ್ ಇಲ್ಲ, ಉಪಕರಣ ಅಥವಾ ಕೇಬಲ್ ಬಂದಿಲ್ಲ. ಟವರ್ ಕಟ್ಟಿದ ಗುತ್ತಿಗೆದಾರರ ಹುಡುಗರನ್ನು ಚಹಾ ಅಂಗಡಿಯಲ್ಲಿ ಕೇಳಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಸಂಸದರ ಪ್ರಶ್ನೆ ಕೇಂದ್ರದ ದೂರಸಂಪರ್ಕ ಸಚಿವರಿಗೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಯೋಜನೆಯನ್ನು ಹೆಸರಿಸಿಯೇ ಕೇಳಿ: ನಮ್ಮ ಜಿಲ್ಲೆಗೆ ಮಂಜೂರಾದ ಟವರ್ ಎಷ್ಟು, ಆನ್ ಆಗಿದ್ದು ಎಷ್ಟು, ಬಾಕಿ ಇರುವುದಕ್ಕೆ ಕಾರಣ ಗ್ರಾಮವಾರು ಏನು, ಬ್ಯಾಟರಿ ಬ್ಯಾಕಪ್ ಎಷ್ಟು ಗಂಟೆ? ಪಂಚಾಯಿತಿಗೆ ಬಂದ ಭಾರತ್‌ನೆಟ್ (ಕೇಂದ್ರದ ಇಂಟರ್‌ನೆಟ್ ಯೋಜನೆ) ಕೇಬಲ್ಲಿಗೂ ಇದೇ ದಾರಿ. ಪೆಟ್ಟಿಗೆ ಗೋಡೆಯ ಮೇಲಿದೆ, ದೀಪ ಉರಿಯುತ್ತಿಲ್ಲ ಅಂತಾದರೆ ‘ಅಳವಡಿಸಿದ’ ಲೆಕ್ಕ ಬೇಡ, ‘ಕಳೆದ ಮೂರು ತಿಂಗಳಲ್ಲಿ ಕಾರ್ಯನಿರ್ವಹಿಸಿದ ದಿನಗಳ’ ಲೆಕ್ಕ ಕೇಳಿ.

ಶಾಸಕರ ಪ್ರಶ್ನೆ ರಾಜ್ಯದ ಅರಣ್ಯ ಸಚಿವರಿಗೆ: ಈ ವಿಭಾಗದಲ್ಲಿ ಮೊಬೈಲ್ ಟವರಿಗೆ ಬಂದ ಅರ್ಜಿಗಳೆಷ್ಟು, ಬಾಕಿ ಎಷ್ಟು, ಎಷ್ಟು ದಿನದಿಂದ? ಇಂಧನ ಸಚಿವರಿಗೆ ಇನ್ನೊಂದು: ಮೆಸ್ಕಾಂ ಅಥವಾ ಹೆಸ್ಕಾಂ ವ್ಯಾಪ್ತಿಯಲ್ಲಿ ಟವರ್ ಸಂಪರ್ಕಕ್ಕೆ ಬಂದ ಅರ್ಜಿಗಳಲ್ಲಿ ಬಾಕಿ ಎಷ್ಟು? ಜಾಗದ ತಕರಾರಾದರೆ ಕಂದಾಯ. ಎರಡೂ ಕಡೆಯ ಉತ್ತರ ಅಕ್ಕಪಕ್ಕ ಇಟ್ಟು ನೋಡಿದಾಗ ಯಾರ ಮೇಜಿನ ಮೇಲೆ ಕಡತ ಮಲಗಿದೆ ಅಂತ ಕಾಣುತ್ತದೆ.

ಊರಿನ ಹೆಸರಿನ ಬಗ್ಗೆ ಎಚ್ಚರ. ದೆಹಲಿಗೆ ಹೋಗುವ ಹೊತ್ತಿಗೆ ನಮ್ಮ ಊರುಗಳ ಹೆಸರು ಗುರುತೇ ಸಿಗದ ಹಾಗಾಗಿರುತ್ತದೆ. ಸರ್ಕಾರಿ ದಾಖಲೆಯಲ್ಲಿರುವ ಇಂಗ್ಲಿಷ್ ಕಾಗುಣಿತ, ಗ್ರಾಮದ ಎಲ್‌ಜಿಡಿ ಕೋಡ್ (ಸರ್ಕಾರ ಪ್ರತಿ ಗ್ರಾಮಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ) ಎರಡನ್ನೂ ಬರೆದುಕೊಡಿ. ಹಾಡಿ, ಮಜಿರೆ, ತಾಂಡಾಗಳಿಗೆ ಪ್ರತ್ಯೇಕ ಕೋಡ್ ಇಲ್ಲದಿದ್ದರೆ ಕಂದಾಯ ಗ್ರಾಮದಲ್ಲಿ ಒಂದು ಮೂಲೆಗೆ ಸಿಗ್ನಲ್ ಬಂದರೂ ‘ಆವರಿಸಲಾಗಿದೆ’ ಅಂತ ಬರೆದುಬಿಡುತ್ತಾರೆ. ಅಲ್ಲಿ ಜನವಸತಿವಾರು ವಿವರ ಕೇಳಬೇಕು.

ಸದನದ ಹೊರಗೆ, ಮಂತ್ರಿಗಳ ಎದುರೇ

ಜಿಲ್ಲಾ ಉಸ್ತುವಾರಿ ಸಚಿವರು ನಡೆಸುವ ಕೆಡಿಪಿ ಸಭೆಯಲ್ಲಿ, ಅಂದರೆ ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆಯಲ್ಲಿ, ಎಲ್ಲ ಇಲಾಖೆಯ ಅಧಿಕಾರಿಗಳೂ ಒಂದೇ ಹಾಲಿನಲ್ಲಿ ಇರುತ್ತಾರೆ. ಒಳಗೆ ಸಾರ್ವಜನಿಕರಿಗೆ ಮಾತಿಲ್ಲ, ನಿಮ್ಮ ಪ್ರಶ್ನೆ ಶಾಸಕರ ಅಥವಾ ನಾಮನಿರ್ದೇಶಿತ ಸದಸ್ಯರ ಬಾಯಲ್ಲಿ ಬರಬೇಕು. ಕೇಂದ್ರದ ಯೋಜನೆಗಳಿಗೆ ಸಂಸದರ ಅಧ್ಯಕ್ಷತೆಯ ದಿಶಾ ಸಭೆ ಇದೆ.

ಜನಸ್ಪಂದನದಂಥ ಸಭೆಯಲ್ಲಿ ನೀವೇ ಮಾತಾಡುವುದಾದರೆ ಸಿಗುವುದು ಒಂದು ನಿಮಿಷ. ‘ನಾವು ಬಡವರು ಸ್ವಾಮಿ’ ಅಂತ ಶುರು ಮಾಡಿದರೆ ಅದರಲ್ಲೇ ಅರ್ಧ ನಿಮಿಷ ಹೋಯಿತು. ಊರು, ತೊಂದರೆ, ದೂರಿನ ನಂಬರು, ಬೇಕಾದ ಕೆಲಸ, ನಾಲ್ಕೇ ಮಾತು. ‘ಸಾರ್, ಬೆಳಿಗ್ಗೆ 7.20ರ ಬಸ್ಸು ನಿಂತು ಎಂಟು ತಿಂಗಳಾಯ್ತು. ಡಿಸಿಯವರಿಗೆ ಎರಡು ಮನವಿ ಕೊಟ್ಟಿದ್ದೀವಿ, ಸೀಲು ಇಲ್ಲಿದೆ. ಯಾವತ್ತಿಂದ ಬಿಡ್ತೀರಿ?’ ಸಾರಿಗೆಯಲ್ಲಿ ಡಿಸಿ ಅಂದರೆ ವಿಭಾಗೀಯ ನಿಯಂತ್ರಣಾಧಿಕಾರಿ, ಜಿಲ್ಲಾಧಿಕಾರಿ ಅಲ್ಲ. ಇದೊಂದು ಗೊಂದಲದಲ್ಲಿ ನಮ್ಮ ಮೊದಲ ಮನವಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಎರಡು ತಿಂಗಳು ಕೂತಿತ್ತು.

ಹಂತ 7: ಉತ್ತರ ಬಂದ ಮೇಲೆ

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಹಾಳೆಯ ಫೋಟೋ ವಾಟ್ಸ್ಆ್ಯಪಿಗೆ ಹಾಕಿ, ನಾಲ್ಕು ಚಪ್ಪಾಳೆ ಎಮೋಜಿ ಬಂದು ಮುಗಿಯಿತು. ನಿಜವಾದ ಉಪಯೋಗ ಇಲ್ಲಿಂದ ಶುರು.

‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಅನ್ನುವ ಸಾಲುಗಳಿಗೆ ಗೆರೆ ಹಾಕಿ. ಸದನದಲ್ಲಿ ಹೇಳಿದ ಇಂಥ ಮಾತು ಭರವಸೆ ಅಂತ ಲೆಕ್ಕಕ್ಕೆ ಬರಬಹುದು. ಅವನ್ನು ನೋಡಿಕೊಳ್ಳಲು ವಿಧಾನಮಂಡಲದಲ್ಲೂ ಸಂಸತ್ತಿನಲ್ಲೂ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಸಂಸತ್ತಿನಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು ಅನ್ನುವ ಕಟ್ಟುಪಾಡು ಇದೆ. ಗಡುವು ಮೀರಿದರೆ ಪ್ರಶ್ನೆ ಕೇಳಿದ ಸದಸ್ಯರಿಂದ ಸಮಿತಿಗೆ ಒಂದು ಪತ್ರ ಬರೆಸಿ. ‘ಅನುದಾನದ ಲಭ್ಯತೆಗನುಗುಣವಾಗಿ’ ಅಂತಿದ್ದರೆ ಅದನ್ನು ಭರವಸೆ ಅಂತ ನಂಬಿ ಕೂರಬೇಡಿ. ಅದಕ್ಕೆ ಕನ್ನಡದಲ್ಲಿ ‘ಇಲ್ಲ’ ಅಂತ ಅರ್ಥ.

ಅಂಕಿ ತಪ್ಪಿದ್ದರೆ ಸುಮ್ನೆ ಬಿಡಬೇಡಿ. ನಮ್ಮ ಎರಡನೇ ಉತ್ತರದಲ್ಲಿ ಒಂದು ತಿಂಗಳು ರದ್ದಾದ ಟ್ರಿಪ್ ‘3’ ಅಂತಿತ್ತು. ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಲಾಗ್‌ಶೀಟಿನಲ್ಲಿ 19 ಇತ್ತು. ಎರಡನ್ನೂ ಒಂದೇ ಪುಟದಲ್ಲಿ ಜೆರಾಕ್ಸ್ ಮಾಡಿಸಿ ಶಾಸಕರಿಗೆ ಕೊಟ್ಟೆವು. ಅವರು ಸದನದಲ್ಲಿ ಎತ್ತಲಿಲ್ಲ. ಫೋನು ಮಾಡಿ ಎರಡು ಮಾತಾಡಿದರು, ಅಷ್ಟೇ. ಆದರೆ ಅದರ ಮುಂದಿನ ಸೋಮವಾರ 7.40ಕ್ಕೆ ಬಸ್ಸು ಬಂತು. ಇಪ್ಪತ್ತು ನಿಮಿಷ ತಡ, ಮೊದಲ ಪೀರಿಯಡ್ಡಿಗೆ ಓಡಿಕೊಂಡು ಹೋಗಬೇಕು. ಶನಿವಾರ ಇನ್ನೂ ಬರುತ್ತಿಲ್ಲ. ಶನಿವಾರದ ಲಾಗ್‌ಶೀಟಿಗೆ ಅರ್ಜಿ ಹಾಕಿದ್ದೇವೆ, ಗಡುವು ಮುಗಿಯಲು ಇನ್ನು ಹನ್ನೊಂದು ದಿನ ಇದೆ.